ಉದ್ಘಾಟನೆ ಇಲ್ಲದ ಕೆಲಸಗಳು

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರಗಾಲ ಇಲ್ಲ. 1848ರಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆ ಹಂಪನಕಟ್ಟೆಯಲ್ಲಿ ಇವತ್ತಿಗೂ ಜನರಿಂದ ತುಂಬಿರುತ್ತದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಉಂಟು, 1880ರಿಂದ. ದೇಶದ ಮೊದಮೊದಲ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಒಂದು ಹುಟ್ಟಿದ್ದೂ ನಮ್ಮ ಕರಾವಳಿಯ ಮಣಿಪಾಲದಲ್ಲೇ, 1953ರಲ್ಲಿ. ಈಗ ದಕ್ಷಿಣ ಕನ್ನಡದಲ್ಲಿ ಸುಳ್ಯದ್ದೂ ಸೇರಿಸಿ ಎಂಟು ಮೆಡಿಕಲ್ ಕಾಲೇಜು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಅದರಾಚೆಯಿಂದಲೂ ಜನ ಸ್ಕ್ಯಾನಿಂಗ್ ಫೈಲು ಕಂಕುಳಲ್ಲಿಟ್ಟುಕೊಂಡು ಇಲ್ಲಿ ಬಂದು ಬಸ್ಸಿಳಿಯುತ್ತಾರೆ. ಹಾಗಾಗಿ ನಮಗೆಲ್ಲ ಒಂದು ಧೈರ್ಯ. ಏನಾದರೂ ಆದರೆ ಆಸ್ಪತ್ರೆ ಹತ್ತಿರವೇ ಇದೆಯಲ್ಲ!

ಈ ಧೈರ್ಯ ಸುಳ್ಳೇನೂ ಅಲ್ಲ. ಆದರೆ ಇಷ್ಟೆಲ್ಲ ಡಾಕ್ಟರುಗಳಿದ್ದ ಊರಿನಲ್ಲೇ 1990ರ ದಶಕದಲ್ಲಿ ಮಲೇರಿಯಾ ಬೇರು ಬಿಟ್ಟಿತು. ರಾಜ್ಯದ ಮಲೇರಿಯಾ ಲೆಕ್ಕದಲ್ಲಿ ವರ್ಷಗಟ್ಟಲೆ ದೊಡ್ಡ ಪಾಲು ನಮ್ಮ ಜಿಲ್ಲೆಯದ್ದೇ. ಹಳೆಯ ಮಂಗಳೂರಿನವರ ಮನೆಯಲ್ಲಿ ಒಬ್ಬರಿಗಾದರೂ ಅದು ಬಂದು ಹೋಗಿರುತ್ತದೆ. ಯಾರಿಗಾದರೂ ಜ್ವರ ಅಂದರೆ "ಮಲೇರಿಯಾ ಅಂತೆಯಾ? ಯಾವುದು, ವೈವಾಕ್ಸಾ, ಫಾಲ್ಸಿಪಾರಮ್ಮಾ?" ಅಂತ ಮಲೇರಿಯಾದ ಜಾತಿ ಸಮೇತ ಕೇಳುವ ಅಜ್ಜಿಯರು ಬೇರೆ ಯಾವ ಊರಿನಲ್ಲಿ ಇದ್ದಾರೋ ನಾನು ಕಾಣೆ.

ಮಲೇರಿಯಾ ಅಂದ ಕೂಡಲೇ ಎಲ್ಲರೂ ಮೂಗು ಮುಚ್ಚಿಕೊಂಡು ಚರಂಡಿ ಕಡೆ ಕೈ ತೋರಿಸುತ್ತಾರೆ. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವ ಸೊಳ್ಳೆ ಬೇರೆ ಜಾತಿ. ನಮ್ಮ ಊರಿನ ಮಲೇರಿಯಾ ಸೊಳ್ಳೆಗೆ, ಅಂದರೆ ಅನಾಫಿಲಿಸ್ ಸ್ಟೀಫೆನ್ಸಿಗೆ, ಶುದ್ಧ ನೀರು ಬೇಕು. ಮುಚ್ಚಳ ಸರಿಯಿಲ್ಲದ ಟ್ಯಾಂಕಿ, ಬಾವಿ, ಡ್ರಮ್ಮು, ಕಟ್ಟಡದ ಸೈಟು. ಅಂದರೆ ಇದು ಬಡವರ ಕೇರಿಯಿಂದ ಹೊರಟ ಕಾಯಿಲೆ ಅಲ್ಲ. ನಾವು ಸಾಲ ಮಾಡಿ ಬುಕ್ ಮಾಡಿದ ಫ್ಲ್ಯಾಟುಗಳ ಮೇಲೆ ಹುಟ್ಟಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ಸಿಮೆಂಟಿನ ಪುಟ್ಟ ಕಟ್ಟೆಗಳನ್ನು ಕಟ್ಟುತ್ತಾರೆ. ಚೌಕ ಚೌಕವಾಗಿ, ಗದ್ದೆಯ ಹುಣಿಯ ಹಾಗೆ. ಅದರೊಳಗೆ ನೀರು ನಿಲ್ಲಿಸುತ್ತಾರೆ. ಕ್ಯೂರಿಂಗ್. ಕಡಿಮೆ ಅಂದರೂ 7 ದಿನ ಕಾಂಕ್ರೀಟು ಒಣಗಬಾರದು, ಇನ್ನೂ ಜಾಸ್ತಿ ದಿನ ಇಟ್ಟರೆ ಒಳ್ಳೆಯದು. ಈಗ ಸೊಳ್ಳೆಯ ಲೆಕ್ಕ ನೋಡಿ. ನಮ್ಮ ಕರಾವಳಿಯ ಸೆಕೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಬೇಕಾಗುವುದು ಒಂದು ವಾರದಿಂದ ಹತ್ತು ದಿನ. ಕಾಂಕ್ರೀಟು ಗಟ್ಟಿಯಾಗಲು ಬೇಕಾದಷ್ಟೇ ದಿನ ಸೊಳ್ಳೆಗೂ ಸಾಕು! ಒಂದು ಮಹಡಿ ಮುಗಿದರೆ ಅದರ ಮೇಲೆ ಇನ್ನೊಂದು ಮಹಡಿ, ಮತ್ತೆ ಸ್ಲ್ಯಾಬು, ಮತ್ತೆ ನೀರು. ಹತ್ತು ಮಹಡಿಯ ಕಟ್ಟಡ ಏಳುವಷ್ಟರಲ್ಲಿ ಎಷ್ಟು ತಲೆಮಾರಿನ ಸೊಳ್ಳೆ ಹುಟ್ಟಿರಬಹುದು, ನೀವೇ ಲೆಕ್ಕ ಹಾಕಿ.

ಇದರ ಜೊತೆಗೆ ಲಿಫ್ಟಿನ ಗುಂಡಿ. ಲಿಫ್ಟು ಕೂರಿಸುವ ತನಕ ಅದು ಸುಮ್ನೆ ಒಂದು ಚೌಕದ ಬಾವಿ, ಅಷ್ಟೇ. ನಮ್ಮ ಮನೆಯ ಹಿಂದಿನ ಸೈಟಿನಲ್ಲಿ ಒಮ್ಮೆ ಮೇಸ್ತ್ರಿ ಜೊತೆ ನಿಂತು ಟಾರ್ಚ್ ಬಿಟ್ಟು ನೋಡಿದ್ದೆ. ನೀರು ತಿಳಿಯಾಗಿತ್ತು, ತಳದಲ್ಲಿ ಬಿದ್ದ ಮೊಳೆಯೂ ಕಾಣುತ್ತಿತ್ತು. ಮೇಲ್ಮೈಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಕಡ್ಡಿಗಳು ಅಡ್ಡಡ್ಡ ಮಲಗಿದ್ದವು. ಬೆಳಕು ತಾಗಿದ ಕೂಡಲೇ ಸರಕ್ಕನೆ ಪಕ್ಕಕ್ಕೆ ಜಾರಿದವು. ಅನಾಫಿಲಿಸ್ ಮರಿಯನ್ನು ಗುರುತಿಸುವುದು ಹೀಗೆ, ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ಡೆಂಗಿ ಸೊಳ್ಳೆಯ ಮರಿ ತಲೆ ಕೆಳಗಾಗಿ ನೇತಾಡುತ್ತದೆ. ಉಸಿರಾಡುವ ಕೊಳವೆ ಅನಾಫಿಲಿಸ್ ಮರಿಗೆ ಇಲ್ಲ, ಡೆಂಗಿಯದ್ದಕ್ಕೆ ಇದೆ, ಅಷ್ಟೇ ವ್ಯತ್ಯಾಸ.

"ಇದಕ್ಕೆ ಎಣ್ಣೆ ಬಿಡ್ತೇವೆ ಸರ್, ನಾಳೆ" ಅಂದರು ಮೇಸ್ತ್ರಿ.

"ನೀರೇ ತೆಗೆಸಬಹುದಲ್ಲ ಅಣ್ಣ?"

"ಪಂಪು ಬೇರೆ ಸೈಟಿಗೆ ಹೋಗಿದೆ. ಬಂದ ಮೇಲೆ ನೋಡುವ."

ಅವರನ್ನು ದೂರಿ ಪ್ರಯೋಜನ ಇಲ್ಲ. ಅವರಿಗೆ ಮೇಲಿನಿಂದ ಬರುವ ಫೋನಿನಲ್ಲಿ ಮುಂದಿನ ಸ್ಲ್ಯಾಬಿನ ತಾರೀಕು ಇರುತ್ತದೆ, ಲಿಫ್ಟಿನ ಗುಂಡಿಯ ಸುದ್ದಿ ಇರುವುದಿಲ್ಲ.

ಆ ಸೈಟಿನ ಶೆಡ್ಡುಗಳಲ್ಲಿ ಮಲಗುವವರು ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳ, ನಮ್ಮದೇ ಉತ್ತರ ಕರ್ನಾಟಕದಿಂದ ಬಂದ ಕೂಲಿಯವರು. ಸೊಳ್ಳೆ ಕಚ್ಚುವುದು ರಾತ್ರಿ, ಅದೂ ಮೊದಲು ಅವರನ್ನೇ. ವೈವಾಕ್ಸ್ ಮಲೇರಿಯಾದಲ್ಲಿ ಇನ್ನೊಂದು ತಂಟೆ ಉಂಟು. ರಕ್ತದಲ್ಲಿದ್ದ ರೋಗಾಣು ಸತ್ತರೂ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಕೆಲವು ಅಡಗಿ ಕೂತಿರುತ್ತವೆ. ವಾರ, ತಿಂಗಳು ಕಳೆದು ಮತ್ತೆ ಏಳುತ್ತವೆ. ಅವನ್ನು ಕೊಲ್ಲಲು ಪ್ರೈಮಾಕ್ವಿನ್ ಮಾತ್ರೆಯನ್ನು ಡಾಕ್ಟರು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಜ್ವರ ಮೂರನೇ ದಿನಕ್ಕೇ ಇಳಿದಿರುತ್ತದೆ. ಜ್ವರ ಬಿಟ್ಟ ಮೇಲೆ ಹದಿನಾಲ್ಕನೇ ದಿನದ ತನಕ ಮಾತ್ರೆ ನುಂಗುವವರು ನಮ್ಮ ನಿಮ್ಮ ಮನೆಗಳಲ್ಲೇ ಎಷ್ಟು ಜನ? ಇನ್ನು ದಿನಗೂಲಿಯವನು ಅಷ್ಟರೊಳಗೆ ಕೊಟ್ಟಾರದ ಸೈಟಿನಿಂದ ಸುರತ್ಕಲ್ಲಿನ ಸೈಟಿಗೆ ಹೋಗಿ ಆಗಿರುತ್ತದೆ.

ಹಾಗಾದರೆ ಮಲೇರಿಯಾ ಇಳಿದಿದ್ದು ಹೇಗೆ? ಇಳಿದದ್ದಂತೂ ನಿಜ, ಹತ್ತು ವರ್ಷದ ಹಿಂದಿನ ಸ್ಥಿತಿ ಈಗ ಇಲ್ಲ. ಹೊಸ ಆಸ್ಪತ್ರೆ ಕಟ್ಟಿ ಇಳಿಸಿದ್ದಲ್ಲ. 2015ರಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಬಂತು. ಯಾವುದೇ ಲ್ಯಾಬಿನಲ್ಲಿ ಮಲೇರಿಯಾ ಅಂತ ಗೊತ್ತಾದರೆ ರೋಗಿಯ ವಿಳಾಸ ಅದರಲ್ಲಿ ಬರುತ್ತಿತ್ತು. ಕಾರ್ಯಕರ್ತರು ಆ ಮನೆಗೆ ಹೋಗಬೇಕು, ಸುತ್ತಲಿನ ಮನೆಯವರ ರಕ್ತ ತೆಗೆಯಬೇಕು, ಎಲ್ಲಿ ಮರಿ ಉಂಟು ಅಂತ ಹುಡುಕಬೇಕು, ಮಾತ್ರೆ ಮುಗಿಯುವ ತನಕ ಬೆನ್ನು ಬಿಡಬಾರದು. ತಂತ್ರಜ್ಞಾನ ಅಂತ ನಾವು ಅದನ್ನು ಹೊಗಳಿದೆವು. ನನಗೆ ಕಂಡ ಹಾಗೆ ಟ್ಯಾಬಿನ ಮಹಿಮೆ ಇಷ್ಟೇ: ಹೋದವರು ಮತ್ತೆ ಹೋಗಲೇಬೇಕು ಅನ್ನುವ ಹಾಗೆ ಮಾಡಿತು.

ನಮ್ಮ ಬಿಲ್ಡಿಂಗಿಗೆ ಬರುತ್ತಿದ್ದ ಅಕ್ಕನ ಚೀಲದಲ್ಲಿ ಒಂದು ಟಾರ್ಚು, ಉದ್ದ ಹಿಡಿಯ ಬಿಳಿ ಸೌಟು, ರಕ್ತ ತೆಗೆಯುವ ಗಾಜಿನ ಸ್ಲೈಡುಗಳು. ನಾಲ್ಕು ಮಹಡಿ ಹತ್ತಿ ಬಂದು ಒಂದೇ ಪ್ರಶ್ನೆ: "ಟೆರೇಸಿನ ಬೀಗದ ಕೈ ಯಾರ ಹತ್ರ ಉಂಟು?" ಬೀಗದ ಕೈ ಇದ್ದವರು ಯಾವತ್ತೂ ಮನೆಯಲ್ಲಿ ಇರುತ್ತಿರಲಿಲ್ಲ. ಅಕ್ಕ ಕಾಯುತ್ತಿದ್ದರು. ಯಾರೋ "ಮೊನ್ನೆಯಷ್ಟೇ ನೋಡಿದ್ರಲ್ಲ" ಅಂತ ಗೊಣಗಿದರೆ, "ಮೊನ್ನೆ ಅಲ್ಲ, ಹೋದ ವಾರ. ಸೊಳ್ಳೆಗೆ ವಾರ ಸಾಕು" ಅನ್ನುತ್ತಿದ್ದರು. ಸಂಬಳ ಎಷ್ಟು ಅಂತ ಕೇಳಿದರೆ ನಗುತ್ತಿದ್ದರು. ಇಡೀ ಊರಿನ ಆರೋಗ್ಯ ಇಂಥವರ ಮೊಣಕಾಲಿನ ಮೇಲೆ ನಿಂತಿದೆ ಅಂದರೆ ಉತ್ಪ್ರೇಕ್ಷೆ ಅಲ್ಲ.

ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಇರುವುದನ್ನು ಡಾಕ್ಟರ್ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅದಕ್ಕೂ ಮೊದಲು, 1883ರಲ್ಲಿ, ಆತ ಬೆಂಗಳೂರಿನಲ್ಲಿದ್ದ. ಬಂಗಲೆಯಲ್ಲಿ ಸೊಳ್ಳೆ ಕಾಟ ತಡೆಯಲಾರದೆ ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಸಿಕ್ಕವು. ತೊಟ್ಟಿ ಕವುಚಿ ಹಾಕಿದ, ಕಾಟ ಕಡಿಮೆಯಾಯಿತು. ನೊಬೆಲ್ ಬಂದದ್ದು ಸಿಕಂದರಾಬಾದಿನಲ್ಲಿ, ಆಮೇಲೆ ಕಲ್ಕತ್ತಾದಲ್ಲಿ ಮಾಡಿದ ಮಲೇರಿಯಾ ಕೆಲಸಕ್ಕೆ. ಬೆಂಗಳೂರಿನ ಕೆಲಸಕ್ಕೆ ಯಾರೂ ಏನೂ ಕೊಡಲಿಲ್ಲ, ಕೊಡುವಂಥದ್ದೂ ಅಲ್ಲ. ನಮ್ಮ ಊರಿನ ಅದೇ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿತು. ಈಗ ಅಲ್ಲಿನ ಎಷ್ಟೋ ನಗರಗಳಿಗೆ ಅದರದ್ದೇ ಚಿಂತೆ. ಅವರೂ ಟ್ಯಾಂಕಿಯ ಮುಚ್ಚಳ ತೆಗೆದು ನೋಡುತ್ತಿದ್ದಾರೆ.

ನಮ್ಮ ಹಿರಿಯರಿಗೆ ಮಳೆಗಾಲದ ಜ್ವರ ಗೊತ್ತಿಲ್ಲದ್ದೇನಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ಕಲ್ಲಿನಲ್ಲಿ ಜಜ್ಜಿ ತಂದು ಕಷಾಯ ಮಾಡಿ ಕುಡಿಯುವುದು ಇವತ್ತಿಗೂ ಉಂಟು. ಕಹಿ ಅಂದರೆ ಕಹಿ! ನಾನೂ ಕುಡಿಯುತ್ತೇನೆ, ಆಮೇಲೆ ಮೆಂತೆ ಗಂಜಿಗೆ ಕಾಯುತ್ತೇನೆ. ಆದರೆ ಕಷಾಯ ಕುಡಿದೆ ಅಂತ ಟ್ಯಾಂಕಿಯ ಮುಚ್ಚಳ ಮರೆಯುವ ಹಾಗಿಲ್ಲ.

ಸೊಳ್ಳೆಗೆ ನೀರಿನ ಅಭಾವದಿಂದಲೂ ಲಾಭವೇ. ಇದು ವಿಚಿತ್ರ, ಆದರೂ ಸತ್ಯ. ನಮಗೆ ಕುಡಿಯಲು ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ಏಪ್ರಿಲ್, ಮೇ ಬಂದರೆ ಅಲ್ಲಿ ಮಟ್ಟ ಇಳಿಯುತ್ತದೆ. ಮಳೆ ತಡವಾದ ವರ್ಷ ನೀರು ದಿನ ಬಿಟ್ಟು ದಿನ. ಆಗ ಪ್ರತಿ ಮನೆಯಲ್ಲೂ ಡ್ರಮ್ಮು, ಬಕೆಟು, ಹಂಡೆ, ಸಿಕ್ಕಿದ್ದೆಲ್ಲ ತುಂಬುತ್ತದೆ. ಮಳೆ ಬಂದ ಮೇಲೆ ಅವನ್ನು ಖಾಲಿ ಮಾಡುವ ನೆನಪು ಯಾರಿಗೂ ಇರುವುದಿಲ್ಲ. 2019ರ ಬೇಸಗೆಯಲ್ಲಿ ನಗರಕ್ಕೆ ನೀರಿನ ರೇಷನ್ ಇತ್ತು, ಅದೇ ಮಳೆಗಾಲದಲ್ಲಿ ಡೆಂಗಿ ಜೋರಾಗಿ ಬಂತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಲ್ಲಿಯಲ್ಲಿ ನಂಬುವ ಹಾಗೆ ನೀರು ಬಂದರೆ ಡ್ರಮ್ಮಿನ ಅಗತ್ಯವೇ ಇಲ್ಲ ಅಲ್ವಾ? ನೀರು ಸರಬರಾಜಿನ ಇಂಜಿನಿಯರು ಕೂಡ ಒಂಥರಾ ಮಲೇರಿಯಾ ಡಾಕ್ಟರೇ.

ಮಳೆಯ ವಿಷಯಕ್ಕೆ ಬಂದರೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಊರು ಇದು. ಹಿಂದೆ ಇಲ್ಲಿ ಹಂಚಿನ ಮಾಡು ಇತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಹಂಚಿನ ಮಾಡಿನ ಮೇಲೆ ನೀರು ನಿಲ್ಲುವುದಿಲ್ಲ. ಜಾರಿ ಅಂಗಳಕ್ಕೆ, ಅಂಗಳದಿಂದ ತೋಡಿಗೆ (ಸಣ್ಣ ಕಾಲುವೆಗೆ), ತೋಡಿನಿಂದ ಗದ್ದೆಗೆ, ಗದ್ದೆಯಿಂದ ಹೊಳೆಗೆ. ಈಗ ಮಾಡು ಹೋಗಿ ಟೆರೇಸು ಬಂತು. ಅಂಗಳಕ್ಕೆ ಇಂಟರ್‌ಲಾಕ್ ಬಂತು. ಗದ್ದೆಗೆ ಮಣ್ಣು ತುಂಬಿಸಿ ಲೇಔಟು ಮಾಡಿದ್ದಾಯಿತು. ತೋಡು ಮಾತ್ರ ಉಳಿದಿದೆ, ಅದರ ಅಗಲವೂ ಅರ್ಧಕ್ಕೆ ಇಳಿದಿದೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರ ಮುಳುಗಿದ್ದು ನೆನಪಿರಬಹುದು. ಆಗಿನ್ನೂ ಜೂನ್ ಕೂಡ ಬಂದಿರಲಿಲ್ಲ.

ತುಳುವರ ಲೆಕ್ಕದಲ್ಲಿ ಪತ್ತನಾಜೆ ಅಂತ ಒಂದು ದಿನ ಉಂಟು, ಮೇ ತಿಂಗಳ ಕೊನೆಯ ವಾರದಲ್ಲಿ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮ ನಿಲ್ಲುತ್ತವೆ. ಕಟ್ಟಿಗೆ ಒಳಗೆ ಸೇರಬೇಕು, ಮಾಡಿನ ಹಂಚು ಸರಿಯಾಗಬೇಕು, ತೋಡಿನ ಹೂಳು ತೆಗೆದಾಗಿರಬೇಕು. ಯಾರೂ ನೋಟಿಸು ಕೊಡುತ್ತಿರಲಿಲ್ಲ, ತಾರೀಕೇ ನೋಟಿಸು. ಈಗ ಹೂಳು ತೆಗೆಯುವ ಟೆಂಡರಿಗೆ ಪತ್ತನಾಜೆ ಗೊತ್ತಿಲ್ಲ. ಜೂನ್ ಮೊದಲ ವಾರ ಜೇಸಿಬಿ ಬಂದು ಹೂಳನ್ನು ತೋಡಿನ ದಂಡೆಯ ಮೇಲೆಯೇ ರಾಶಿ ಹಾಕಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಮಳೆಗೆ ಅದು ವಾಪಸ್ ತೋಡಿಗೆ.

ಕಸದ್ದೂ ಇದೇ ಕಥೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಮಳೆಗೆ ಜಾರಿ ಕೆಳಗಿನ ಮಂದಾರದ ಮೇಲೆ ಬಂತು. ಅಡಿಕೆ ತೋಟ, ತೆಂಗು, ಬಾವಿ, ಮನೆ ಎಲ್ಲ ಅದರಡಿ. ಜನ ಮನೆ ಬಿಡಬೇಕಾಯಿತು. ನಮ್ಮ ಅಡುಗೆಮನೆಯಿಂದ ಹೊರಟ ಕಸ, ಹಸಿ ಒಣ ಅಂತ ಬೇರೆ ಮಾಡದೆ ಒಟ್ಟಿಗೆ ಕಟ್ಟಿ ಕೊಟ್ಟದ್ದು, ಇನ್ನೊಬ್ಬರ ತೋಟದಲ್ಲಿ ಹೋಗಿ ಕೂತಿತು. ಈ ವಿಷಯ ಜಾಸ್ತಿ ಎಳೆಯುವುದಿಲ್ಲ. ಹಸಿ ಕಸ ಬೇರೆ ಕೊಡಿ, ಆಯ್ತಾ.

ಇನ್ನು ರಸ್ತೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದರಲ್ಲಿ ಶೇಕಡಾ 44ರಷ್ಟು ಬೈಕು ಸ್ಕೂಟರಿನವರು. ನಡೆದು ಹೋಗುತ್ತಿದ್ದವರೇ 32,825. ನಡೆದು ಹೋಗುವವರನ್ನು ನಮ್ಮ ಊರು ಲೆಕ್ಕಕ್ಕೇ ಇಟ್ಟ ಹಾಗಿಲ್ಲ. ಫುಟ್‌ಪಾತ್ ಅಂದರೆ ಇಲ್ಲಿ ಚರಂಡಿಯ ಮೇಲಿನ ಸ್ಲ್ಯಾಬು. ಕೇಬಲ್ಲಿನವರು ಒಂದು ಸ್ಲ್ಯಾಬು ಎತ್ತುತ್ತಾರೆ, ಮತ್ತೆ ಕೂರಿಸುವಾಗ ಸರಿಯಾಗಿ ಕೂರುವುದಿಲ್ಲ. ಕಾಲಿಟ್ಟರೆ ಟಕ್ ಅಂತ ಎದ್ದು ಬೀಳುತ್ತದೆ. ಅದೇ ದಾರಿಯಲ್ಲಿ ದಿನಾ ಹೋಗುವವರಿಗೆ ಯಾವ ಸ್ಲ್ಯಾಬು ಅಲುಗಾಡುತ್ತದೆ ಅಂತ ಬಾಯಿಪಾಠ. ಹೊಸಬರಿಗೆ ಗೊತ್ತಿಲ್ಲ. ಮಳೆಯಲ್ಲಿ ನೀರು ತುಂಬಿ ಹರಿಯುವಾಗ ಸ್ಲ್ಯಾಬು ಇಲ್ಲದ ಜಾಗ ಯಾರಿಗೂ ಕಾಣುವುದಿಲ್ಲ.

ಜೀಬ್ರಾ ಪಟ್ಟೆಯೂ ಹಾಗೆಯೇ. ನಮ್ಮ ಮಳೆ, ನಮ್ಮ ಲಾರಿಗಳು ಸೇರಿ ಒಂದು ಮಳೆಗಾಲಕ್ಕೆ ಅದನ್ನು ಅಳಿಸುತ್ತವೆ. ಪ್ರತಿ ಅಕ್ಟೋಬರಿನಲ್ಲಿ ಮತ್ತೆ ಬಳಿಯಬೇಕು, ಇಲ್ಲದಿದ್ದರೆ ಇಲ್ಲ. ಪಟ್ಟೆ ಕಾಣದ ಕಡೆ ಯಾರು ನಿಲ್ಲಿಸುತ್ತಾರೆ? ವೇಗದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಡೆಯುವವರಿಗೆ ಕಾರು 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದಕ್ಕಿಂತ 65ರಲ್ಲಿ ಗುದ್ದಿದರೆ ಸಾಯುವ ಅಪಾಯ ನಾಲ್ಕೂವರೆ ಪಟ್ಟು. ವ್ಯತ್ಯಾಸ ಬರೀ 15 ಕಿಲೋಮೀಟರ್. ಡ್ರೈವರಿಗೆ ಅದು ಎಕ್ಸಲೇಟರಿನ ಮೇಲೆ ಹೆಬ್ಬೆರಳಿನಷ್ಟು ಜಾಸ್ತಿ ಒತ್ತಿದ್ದು, ಅಷ್ಟೇ.

ನಮ್ಮ ಸಿಟಿ ಬಸ್ಸುಗಳನ್ನು ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಈ ಖಾಸಗಿ ಬಸ್ಸುಗಳಿಲ್ಲದೆ ಮಂಗಳೂರು ಒಂದು ದಿನ ನಡೆಯಲಿಕ್ಕಿಲ್ಲ. ಬಸ್ಸಿನಲ್ಲಿ ನಿಂತ ಒಬ್ಬೊಬ್ಬರೂ ರಸ್ತೆಯಿಂದ ಒಂದೊಂದು ಸ್ಕೂಟರ್ ಕಡಿಮೆ ಮಾಡಿದ ಪುಣ್ಯಾತ್ಮರು. ಸ್ಟೇಟ್‌ಬ್ಯಾಂಕ್ ಕಡೆ ಹೋಗುವ ಬಸ್ಸಿನಲ್ಲಿ ಒಮ್ಮೆ ಪರಿಚಯದ ಕಂಡಕ್ಟರ್ ಹೇಳಿದ್ದು ಕೇಳಿ. "ಎಂತ ಮಾಡುದು ಮಾರಾಯ್ರೆ, ಹಿಂದಿನ ಬಸ್ಸು ಮೂರು ನಿಮಿಷಕ್ಕೆ ಬರ್ತದೆ. ನಂತೂರಿನಲ್ಲೇ ಐದು ನಿಮಿಷ ಹೋದ್ರೆ ನಮ್ಮ ಟೈಮ್ ಹೋಯ್ತು. ಅದು ನಮ್ಮ ಜನರನ್ನು ಎತ್ತಿಕೊಂಡು ಹೋಗ್ತದೆ." ಟೈಮಿಂಗ್ ಕೊಟ್ಟ ಕಾಲದ ರಸ್ತೆ ಬೇರೆ, ಈಗಿನದ್ದು ಬೇರೆ. ಕಲೆಕ್ಷನ್ ನೋಡಿ ಸಂಬಳ ಅಂದಾಗ ಎಕ್ಸಲೇಟರ್ ಮೇಲಿನ ಕಾಲಿಗೆ ಬುದ್ಧಿ ಹೇಳಿ ಏನು ಪ್ರಯೋಜನ? ಫೈನು ಹಾಕುವವರು ಇದ್ದಾರೆ. ರೂಟಿನಲ್ಲಿ ಕೂತು, ಗಡಿಯಾರ ಹಿಡಿದು, ವರ್ಷಕ್ಕೊಮ್ಮೆ ಟೈಮಿಂಗ್ ಸರಿ ಮಾಡುವವರು ಬೇಕು.

ದೀಪದ ಬಗ್ಗೆಯೂ ಹೇಳಬೇಕು. ಬಸ್‌ಸ್ಟಾಪಿನಿಂದ ನಮ್ಮ ಓಣಿಗೆ ಬರುವ ಏರಿನಲ್ಲಿ ಒಂದು ಬೀದಿದೀಪ ಹೋಗಿ ತುಂಬ ದಿನ ಆಯಿತು. ಪಕ್ಕದ ಮನೆಯ ಹುಡುಗಿ ನರ್ಸ್. ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಆ ಏರು ಬಿಟ್ಟು ದೊಡ್ಡ ರಸ್ತೆಯಲ್ಲೇ ಸುತ್ತಿ ಬರುತ್ತಾಳೆ. ಅವಳ ಅಮ್ಮ ಗೇಟಿನಲ್ಲಿ ನಿಂತಿರುತ್ತಾರೆ. ಊರಿಗೆಲ್ಲ ಸಿಸಿಟಿವಿ ಹಾಕುವ ಮಾತು ನಡೆಯುತ್ತದೆ. ಒಳ್ಳೆಯದೇ. ಆ ಹುಡುಗಿ ಕೇಳುವುದು ಒಂದು ಬಲ್ಬು.

ಇದೆಲ್ಲ ಯಾಕೆ ಆಗುವುದಿಲ್ಲ ಅಂತ ಯೋಚಿಸಿದರೆ ನನಗೆ ಹೊಳೆಯುವುದು ಒಂದೇ. ಈ ಕೆಲಸಗಳಿಗೆ ಉದ್ಘಾಟನೆ ಇಲ್ಲ. ಪಂಪ್‌ವೆಲ್ ಫ್ಲೈಓವರ್ ಹತ್ತು ವರ್ಷ ಎಳೆಯಿತು, ನಾವು ಜೋಕ್ ಮಾಡಿ ಮಾಡಿ ಸುಸ್ತಾದೆವು. ಆದರೂ 2020ರ ಜನವರಿಯಲ್ಲಿ ರಿಬ್ಬನ್ ಕತ್ತರಿಸಿ, ಫೋಟೋ ತೆಗೆದು ಆಯಿತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೂ ನಾವು ಕೇಳಿದ್ದು ಹೊಸದು ಏನು ಬರುತ್ತದೆ ಅಂತ. ಟ್ಯಾಂಕಿಯ ಮುಚ್ಚಳಕ್ಕೆ ಯಾರು ರಿಬ್ಬನ್ ಕಟ್ಟುತ್ತಾರೆ? ಹೋದ ವಾರ ಮಾಡಿದ್ದನ್ನೇ ಈ ವಾರವೂ ಮಾಡಬೇಕು. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೇ ಇದ್ದದ್ದನ್ನು ಪೇಪರಿನವರಾದರೂ ಹೇಗೆ ಬರೆಯುತ್ತಾರೆ?

ರಾಜಕಾರಣಿಗಳನ್ನಷ್ಟೇ ದೂರಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಬಿಲ್ಡಿಂಗಿನ ಅಸೋಸಿಯೇಶನ್ ಮೀಟಿಂಗ್ ಮೊನ್ನೆ ನಡೆಯಿತು. ಮೊದಲ ವಿಷಯ ಹೊರಗೋಡೆಯ ಪೈಂಟಿಂಗ್. ಮೂರು ಕೊಟೇಶನ್ ಬಂದಿದ್ದವು, ಬಣ್ಣದ ಕ್ಯಾಟಲಾಗ್ ಎಲ್ಲರ ಕೈಗೂ ಸುತ್ತಿತು. ಮುಕ್ಕಾಲು ಗಂಟೆ ಕೆನೆ ಬಣ್ಣವಾ, ಬೂದು ಬಣ್ಣವಾ ಅಂತ ಚರ್ಚೆ. ಆಮೇಲೆ ನಾನು ಎದ್ದು ಎರಡು ವಿಷಯ ಹೇಳಿದೆ. ಮೂರನೇ ಟ್ಯಾಂಕಿಯ ಮುಚ್ಚಳ ಒಡೆದಿದೆ, ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಇಲ್ಲ. ಹಿಂದಿನ ಸೈಟಿನವರಿಗೆ ಎಲ್ಲರೂ ಸಹಿ ಹಾಕಿ ಒಂದು ಪತ್ರ ಕೊಡೋಣ, ಲಿಫ್ಟಿನ ಗುಂಡಿ ವಾರಕ್ಕೊಮ್ಮೆ ಖಾಲಿ ಮಾಡಿ, ಆದ ಕಡೆ ನೀರು ನಿಲ್ಲಿಸುವ ಬದಲು ಒದ್ದೆ ಗೋಣಿ ಹಾಸಿ ಕ್ಯೂರಿಂಗ್ ಮಾಡಿ ಅಂತ.

"ಗೋಣಿಗೆ ದಿನಾ ನೀರು ಹಾಕಲು ಒಬ್ಬ ಜನ ಬೇಕಲ್ಲ, ಅವನ ಸಂಬಳ ಅವರು ಫ್ಲ್ಯಾಟಿನ ರೇಟಿಗೆ ಸೇರಿಸ್ತಾರೆ" ಅಂದರು ಸೆಕ್ರೆಟರಿ. ಅವರು ಅಲ್ಲೂ ಒಂದು ಫ್ಲ್ಯಾಟ್ ಬುಕ್ ಮಾಡಿದ್ದಾರೆ.

ಪತ್ರಕ್ಕೆ ಆರು ಮನೆಯವರು ಸಹಿ ಹಾಕಿದ್ದಾರೆ, ಹತ್ತು ಬಾಕಿ. ಮುಚ್ಚಳಕ್ಕೆ ಕೊಟೇಶನ್ ತನ್ನಿ, ಮುಂದಿನ ಮೀಟಿಂಗಿನಲ್ಲಿ ನೋಡುವ ಅಂತ ಆಯಿತು. ಸಾವಿರ ರೂಪಾಯಿ ಒಳಗಿನ ಮುಚ್ಚಳಕ್ಕೆ ಕೊಟೇಶನ್ ಯಾಕೆ ಅಂತ ನಾನು ಕೇಳಲಿಲ್ಲ. ಅಂಗಡಿಗೆ ಹೋಗಿ ಅಳತೆ ಕೊಟ್ಟು ಬಂದಿದ್ದೇನೆ, ಬಿಲ್ಲು ಸೆಕ್ರೆಟರಿ ಹೆಸರಿಗೆ.